ಬೆಕ್ಕಿನ ಮರಿ ಬರೋಕೆ ಮುಂಚೆ ಮನೇಲಿ ಆಗಬೇಕಾದ ಕೆಲಸ

ನಮ್ಮ ಕಾಲದಲ್ಲಿ ಬೆಕ್ಕನ್ನು ಯಾರೂ ಕೊಂಡು ತರುತ್ತಿರಲಿಲ್ಲ. ಅದೇ ಬರುತ್ತಿತ್ತು. ಅಟ್ಟದ ಮೇಲೆ ಮರಿ ಹಾಕಿ, ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ತಿರುಗಿಸಿ, ಕೊನೆಗೆ ಯಾವುದೋ ಒಂದು ಮರಿ ನಮ್ಮ ಅಡುಗೆಮನೆಯಲ್ಲೇ ಉಳಿದುಬಿಡುತ್ತಿತ್ತು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರಿಗಂತೂ ಬೆಕ್ಕು ಇರಲೇಬೇಕು. ಇಲ್ಲದಿದ್ದರೆ ಹುಳುವೂ ಗೂಡೂ ಇಲಿ ಪಾಲು. ಈಗ ನಮ್ಮ ಚಿಕ್ಕಬಳ್ಳಾಪುರದ ಹುಡುಗರು ಬೆಂಗಳೂರಿನ ಬ್ರೀಡರ್, ಅಂದರೆ ತಳಿ ಬೆಕ್ಕು ಸಾಕಿ ಮರಿ ಮಾರುವವರ ಹತ್ತಿರ ಹೋಗಿ ಸಾವಿರಗಟ್ಟಲೆ ದುಡ್ಡು ಕೊಟ್ಟು ಪರ್ಷಿಯನ್ ಮರಿ ತರುತ್ತಾರೆ. ತರಲಿ, ನನ್ನದೇನೂ ತಕರಾರಿಲ್ಲ. ಇಲಿ ಹಿಡಿಯುತ್ತೆ ಅಂತ ಮಾತ್ರ ತರಬೇಡಿ. ಆ ಚಪ್ಪಟೆ ಮೂತಿಯವು ಇಲಿ ಬಂದರೆ ಸರಿದು ಜಾಗ ಬಿಡೋ ಪೈಕಿ.

ಮರಿ ಬರುತ್ತೆ ಅಂದ ಕೂಡಲೇ ಮನೆಯವರು ಮೆತ್ತನೆ ಹಾಸಿಗೆ, ಗೆಜ್ಜೆ ಕಟ್ಟಿದ ಪಟ್ಟಿ, ಬಣ್ಣದ ಆಟಿಕೆ ಅಂತ ಅಂಗಡಿಗೆ ಓಡುತ್ತಾರೆ. ಅವೆಲ್ಲ ನಿಧಾನಕ್ಕೆ ಆಗಲಿ. ಅಮ್ಮನನ್ನೂ ಜೊತೆಗೆ ಹುಟ್ಟಿದ ಮರಿಗಳನ್ನೂ ಬಿಟ್ಟು ಬರುವ ಮರಿಗೆ ಮನೆ ಬದಲಾಗುವುದೇ ದೊಡ್ಡ ವಿಷಯ. ಅದರ ಜೊತೆ ತಿನ್ನುವುದು, ಕಕ್ಕಸಿನ ಮಣ್ಣು, ಮಲಗುವ ಬಟ್ಟೆಯ ವಾಸನೆ ಎಲ್ಲವೂ ಒಂದೇ ದಿನ ಬದಲಾದರೆ ಅದು ಮೂಲೆ ಸೇರುತ್ತೆ, ಊಟ ಬಿಡುತ್ತೆ, ಭೇದಿ ಶುರುವಾಗುತ್ತೆ. ಅದಕ್ಕೇ ಅಲ್ಲಿ ಏನಿತ್ತೋ ಅದನ್ನೇ ಇಲ್ಲೂ ತಂದಿಡಿ. ಬ್ರೀಡರ್‌ಗೆ ಫೋನ್ ಮಾಡಿ, ಯಾವ ಕಂಪನಿಯ ಆಹಾರ, ದಿನಕ್ಕೆ ಎಷ್ಟು ಸಲ, ಲಿಟರ್ ಅಂದರೆ ಆ ಕಕ್ಕಸಿನ ಮಣ್ಣು ಯಾವುದು, ಅದನ್ನು ಹಾಕುವ ಟ್ರೇ ಎಂಥದ್ದು ಅಂತ ಕೇಳಿ ಬರೆದುಕೊಳ್ಳಿ. ಮೊದಲ ಸಲ ಮರಿ ನೋಡಲು ಹೋದಾಗಲೇ ಹಳೇ ಕಾಟನ್ ಸೀರೆಯ ಒಂದು ತುಂಡು ಕೊಟ್ಟು, ತಾಯಿ ಮಲಗುವ ಜಾಗದಲ್ಲಿ ಹಾಸಿರಿ ಅಂತ ಹೇಳಿ ಬನ್ನಿ. ಮರಿ ತರುವ ದಿನ ಆ ತುಂಡೂ ಜೊತೆಗೆ ಬರಲಿ. ಒಗೆಯಬೇಡಿ. ಅವರ ಟ್ರೇಯಿಂದ ಒಂದು ಹಿಡಿ ಬಳಸಿದ ಲಿಟರನ್ನೂ ಕವರಿನಲ್ಲಿ ಕಟ್ಟಿಸಿಕೊಳ್ಳಿ. ನಗಬೇಡಿ. ಹೊಸ ಟ್ರೇಯಲ್ಲಿ ಅದನ್ನು ಉದುರಿಸಿದರೆ ಮರಿಗೆ ಬೇರೆ ಪಾಠ ಹೇಳಿಕೊಡಬೇಕಾಗಿಲ್ಲ.

ಫೋಟೋ ನೋಡಿ ದುಡ್ಡು ಕಳಿಸುವ ಕೆಲಸ ಬೇಡವೇ ಬೇಡ. ಹೋಗಿ ನೋಡಿ. ತಾಯಿ ಬೆಕ್ಕನ್ನು ತೋರಿಸಿ ಅನ್ನಿ. ಏನಾದರೂ ಸಬೂಬು ಹೇಳಿದರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬನ್ನಿ. ಎಂಟು ವಾರ ತುಂಬದ ಮರಿಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. 12 ವಾರ ತಾಯಿ ಜೊತೆ ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ಕಚ್ಚಬಹುದು, ಎಲ್ಲಿ ಉಗುರು ಒಳಗೆಳೆದುಕೊಳ್ಳಬೇಕು ಅನ್ನೋದನ್ನು ತಾಯಿಯೂ ಒಡಹುಟ್ಟಿದವೂ ಕಲಿಸುತ್ತವೆ, ನಾವಲ್ಲ. ‘ಚಿಕ್ಕದಿದ್ದಾಗಲೇ ತಗೊಂಡು ಹೋಗಿ, ಬೇಗ ಹೊಂದಿಕೊಳ್ಳುತ್ತೆ’ ಅಂತ ಮಾರುವವರು ಹೇಳಿದರೆ, ಒಂದು ತಿಂಗಳ ಊಟದ ಖರ್ಚು ಉಳಿಸಿಕೊಳ್ಳುತ್ತಿದ್ದಾರೆ ಅಂತಲೇ ನನ್ನ ಲೆಕ್ಕ.

ಪರ್ಷಿಯನ್‌ನಲ್ಲಿ ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಅಂತ ದರ ಹೇಳುತ್ತಾರೆ. ಮೂಗು ಒಳಗೆ ಹೋದಷ್ಟೂ ರೇಟು ಮೇಲೆ. ನಾನಾದರೆ ಮೂಗು ಚೆನ್ನಾಗಿ ಕಾಣುವ ಡಾಲ್ ಫೇಸನ್ನೇ ತರುತ್ತೇನೆ. ಮೂತಿ ಚಪ್ಪಟೆಯಾದಷ್ಟೂ ಉಸಿರಾಟ ಕಷ್ಟ, ಕಣ್ಣಲ್ಲಿ ಸದಾ ನೀರು. ನಮ್ಮ ಏಪ್ರಿಲ್ ಬಿಸಿಲಿಗೆ ಪಾಪ ಬಾಯಿ ತೆರೆದು ಏದುಸಿರು ಬಿಡುತ್ತವೆ. ಈ ತಳಿಯಲ್ಲಿ ಕಿಡ್ನಿಯೊಳಗೆ ನೀರುಗುಳ್ಳೆ ಬೆಳೆಯುವ ಕಾಯಿಲೆ ವಂಶದಿಂದ ಬರುತ್ತೆ. ಪಿ.ಕೆ.ಡಿ. ಅನ್ನುತ್ತಾರೆ. ತಂದೆ ತಾಯಿ ಬೆಕ್ಕಿಗೆ ಅದರ ಜೀನ್ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಹತ್ತಿರ ವ್ಯಾಪಾರ ಬೇಡ.

ಮರಿಯನ್ನು ಕೈಗೆತ್ತಿಕೊಂಡು ನಿಧಾನವಾಗಿ ನೋಡಿ. ಮುದ್ದು ಮಾಡೋದು ಆಮೇಲೆ. ಕಣ್ಣು, ಮೂಗು ಸೋರಬಾರದು. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಕಸ ಇದ್ದರೆ ನುಸಿ ಇದೆ ಅಂತ ಅರ್ಥ. ಬಾಲದ ಬುಡದಲ್ಲಿ ಕೂದಲು ಬಿಡಿಸಿ ನೋಡಿ. ಸಣ್ಣ ಕಪ್ಪು ಚುಕ್ಕೆಗಳು ಸಿಕ್ಕರೆ ಒದ್ದೆ ಬಿಳಿ ಕಾಗದದ ಮೇಲೆ ಉಜ್ಜಿ. ಕೆಂಪಾಗಿ ಹರಡಿದರೆ ಅದು ಚಿಗಟದ ಕಸ, ಮರಿಯ ರಕ್ತ ಕುಡಿದು ಹಾಕಿದ್ದು. ಮೈಮೇಲೆ ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಅದು ಮನೆ ಮಕ್ಕಳಿಗೂ ಅಂಟುತ್ತೆ. ಬಾಲ ಎತ್ತಿದಾಗ ಹಿಂಭಾಗ ಒದ್ದೆ, ಗಲೀಜು ಇದ್ದರೆ ಭೇದಿ. ಮೈಯೆಲ್ಲ ಮೂಳೆಯಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳ. ಮೂರು ತಿಂಗಳ ಮರಿ ಸುಮಾರು ಒಂದೂಕಾಲು ಕಿಲೋ ಇರಬೇಕು.

ಆಮೇಲೆ ಲಸಿಕೆ ಕಾರ್ಡು. ಬರೀ ತಾರೀಕು ಬರೆದ ಕಾರ್ಡು ನಂಬಬೇಡಿ. ಲಸಿಕೆ ಬಾಟಲಿ ಮೇಲಿನ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸಿರುತ್ತಾರೆ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತೆ, ಪಕ್ಕದಲ್ಲಿ ಡಾಕ್ಟರ ಸಹಿ, ಮೊಹರು. ಬೆಕ್ಕಿನ ಮೂರು ರೋಗಕ್ಕೆ ಸೇರಿಸಿ ಕೊಡುವ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು. ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ. ಎಲ್ಲಿಗೆ ನಿಂತಿದೆ, ಮುಂದಿನದು ಯಾವಾಗ ಅಂತ ಅಲ್ಲೇ ತಿಳಿದುಕೊಳ್ಳಿ.

ಇನ್ನು ಮನೆ. ಮರಿ ಬರುವ ಹಿಂದಿನ ದಿನ ಒಂದು ಸಲ ನೆಲದ ಮೇಲೆ ಕೂತು ನಿಮ್ಮ ಮನೆ ನೋಡಿ. ಮಂಡಿ ನೋವಿದ್ದವರು ಮೊಮ್ಮಕ್ಕಳನ್ನು ಕೂರಿಸಿ. ನಿಂತಾಗ ಕಾಣದ ಎಷ್ಟೋ ವಸ್ತು ಕಾಣುತ್ತವೆ. ನಮ್ಮದು ಹೂವಿನ ಊರು, ಸೇವಂತಿಗೆ, ಗುಲಾಬಿ ಇಲ್ಲದ ಮನೆ ಇಲ್ಲ. ಹೂ ಕಟ್ಟುವ ದಾರದ ತುಂಡು ದಿವಾನದ ಕೆಳಗೆ ಒಂದಾದರೂ ಇದ್ದೇ ಇರುತ್ತೆ. ಮರಿ ಮೊದಲು ಹಿಡಿಯೋದು ಅದನ್ನೇ. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಅದಕ್ಕೆ ಉಗುಳೋಕೆ ಆಗಲ್ಲ, ನುಂಗುತ್ತಲೇ ಹೋಗುತ್ತೆ. ಒಳಗೆ ಹೋದ ದಾರ ಕರುಳನ್ನು ನೆರಿಗೆ ಹಿಡಿದಂತೆ ಎಳೆದುಬಿಡುತ್ತೆ. ಹೊಲಿಗೆ ದಾರ, ಸೂಜಿ, ರಬ್ಬರ್ ಬ್ಯಾಂಡ್, ತಲೆಗೆ ಕಟ್ಟೋ ರಿಬ್ಬನ್ ಎಲ್ಲಕ್ಕೂ ಇದೇ ಮಾತು. ಅಕಸ್ಮಾತ್ ಮರಿ ಬಾಯಿಂದಲೋ ಹಿಂಭಾಗದಿಂದಲೋ ದಾರ ಇಳಿಬಿದ್ದಿದ್ದರೆ ಎಳೆಯಬೇಡಿ. ಸೀದಾ ಡಾಕ್ಟರ ಹತ್ತಿರ ಹೋಗಿ.

ಹೂವಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ದೇವರಿಗೆ ಕಣಗಿಲೆ ಏರಿಸುವವರು ಮರಿ ಬಂದ ಮೇಲೆ ಬೇರೆ ಹೂ ನೋಡಿಕೊಳ್ಳಿ. ಕಣಗಿಲೆಯ ಹೂ, ಎಲೆ, ಕಾಂಡ ಎಲ್ಲ ವಿಷ, ಹೃದಯಕ್ಕೇ ಹೊಡೆಯುತ್ತೆ. ಹುಟ್ಟುಹಬ್ಬಕ್ಕೆ ಕೊಡುವ ಬೊಕೆಯಲ್ಲಿ ಲಿಲ್ಲಿ ಇದ್ದರೆ ಅದನ್ನು ಮನೆಯೊಳಗೇ ತರಬೇಡಿ. ಲಿಲ್ಲಿಯ ಪರಾಗ ಮೈಗೆ ತಾಗಿ, ಅದನ್ನು ಬೆಕ್ಕು ನೆಕ್ಕಿಕೊಂಡರೂ ಸಾಕು, ಎರಡು ಮೂರು ದಿನದಲ್ಲಿ ಕಿಡ್ನಿ ಕೆಡುತ್ತೆ. ಹೂದಾನಿಯ ನೀರು ಕುಡಿದರೂ ಅಷ್ಟೇ. ಮನಿ ಪ್ಲಾಂಟ್, ಲೋಳೆಸರ ಎತ್ತರಕ್ಕೆ ಹೋಗಲಿ. ತುಳಸಿ ಪಾಪ ಎಲ್ಲಿದ್ದರೂ ಪರವಾಗಿಲ್ಲ.

ನೆಲ ಒರೆಸೋಕೆ ಫಿನಾಯಿಲ್ ಬೇಡ, ಡೆಟಾಲೂ ಬೇಡ. ಬೆಕ್ಕು ಅದೇ ನೆಲದ ಮೇಲೆ ಓಡಾಡಿ ಅದೇ ಪಾದ ನೆಕ್ಕಿಕೊಳ್ಳುತ್ತೆ. ನಮ್ಮ ಲಿವರ್ ಕರಗಿಸುವ ಎಷ್ಟೋ ವಸ್ತುವನ್ನು ಬೆಕ್ಕಿನ ಲಿವರ್ ಕರಗಿಸಲ್ಲ. ಸೋಪಿನ ಪುಡಿ ಹಾಕಿದ ಬಿಸಿನೀರು ಸಾಕು. ಇದೇ ಕಾರಣಕ್ಕೆ ಡೋಲೊ, ಕ್ರೋಸಿನ್‌ನಂಥ ಪ್ಯಾರಾಸಿಟಮಾಲ್ ಮಾತ್ರೆ ಅರ್ಧ ಸಿಕ್ಕರೂ ಮರಿಯ ಪ್ರಾಣ ಹೋಗಬಹುದು. ಮರಿಗೆ ಜ್ವರ ಅಂತ ಮನೆ ಮಾತ್ರೆ ಅರೆದು ಕೊಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಸೀರೆ ಬೀರುವಿನ ನುಸಿಗುಳಿಗೆ, ದೇವರ ಮನೆಯ ಕರ್ಪೂರ, ಇರುವೆ ಚಾಕ್‌ಪೀಸ್, ಇಲಿ ಪಾಷಾಣ ಎಲ್ಲ ಬೀಗದೊಳಗೆ. ದನಕ್ಕೋ ನಾಯಿಗೋ ಹಚ್ಚುವ ಉಣ್ಣೆ ಹುಳದ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಮೈ ನಡುಗಿ ಫಿಟ್ಸ್ ಬಂದು ಸಾಯಲೂಬಹುದು. ಹಳ್ಳಿ ಕಡೆ ಈ ತಪ್ಪು ಜಾಸ್ತಿ.

ಹಿಂದೆ ನಿಮ್ಮ ಮನೆಯಲ್ಲಿ ಯಾವುದಾದರೂ ಬೆಕ್ಕಿನ ಮರಿ ವಾಂತಿ ಭೇದಿಯಾಗಿ ಸತ್ತಿತ್ತಾ? ಹಾಗಿದ್ದರೆ ಲಸಿಕೆ ಆಗದ ಮರಿ ಆ ಮನೆಗೆ ಬರಬಾರದು. ಅಂಥ ವಾಂತಿ ಭೇದಿ ತರುವ ವೈರಸ್ಸು ನೆಲದಲ್ಲಿ, ಚಾಪೆಯಲ್ಲಿ ಒಂದು ವರ್ಷದವರೆಗೂ ಬದುಕಿರುತ್ತೆ. ಹಳೇ ಹಾಸಿಗೆ, ಬಟ್ಟಲು ಎಸೆದುಬಿಡಿ. ನೆಲವನ್ನು ಬ್ಲೀಚ್ ನೀರಿನಲ್ಲಿ ನೆನೆಸಿ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆದು ಒಣಗಿಸಿ.

ಕಿಟಕಿ ಗ್ರಿಲ್ಲಿನ ಸಂದಿಯಲ್ಲಿ ಮರಿ ಸಲೀಸಾಗಿ ತೂರುತ್ತೆ. ನೈಲಾನ್ ಸೊಳ್ಳೆ ಪರದೆಯನ್ನು ಪರಚಿ ಹರಿಯುತ್ತೆ. ಸ್ಟೀಲ್ ಮೆಶ್ ಹೊಡೆಸಿ. ಸಂಪಿನ ಮುಚ್ಚಳ ಸರಿಯಾಗಿ ಕೂತಿದೆಯಾ, ಬಚ್ಚಲಲ್ಲಿ ತುಂಬಿದ ಬಕೆಟ್ ಇದೆಯಾ ನೋಡಿ. ವಾಷಿಂಗ್ ಮೆಷಿನ್ ಹಾಕೋಕೆ ಮುಂಚೆ ಒಳಗೆ ಕೈಯಾಡಿಸಿ. ದೀಪ ಹಚ್ಚಿದಾಗ ದೇವರ ಮನೆ ಬಾಗಿಲು ಮುಚ್ಚಿರಲಿ, ಪರ್ಷಿಯನ್ ಬಾಲದ ಕೂದಲಿಗೆ ಬೆಂಕಿ ಹತ್ತೋಕೆ ಎಷ್ಟು ಹೊತ್ತು? ಸೋಫಾ ಪರಚುತ್ತೆ ಅನ್ನೋ ಚಿಂತೆಗೆ ಒಂದು ಮರದ ತುಂಡಿಗೆ ಗೋಣಿಚೀಲ ಬಿಗಿಯಾಗಿ ಸುತ್ತಿ ನಿಲ್ಲಿಸಿ. ಅಂಗಡಿಯದ್ದಕ್ಕಿಂತ ಇದೇ ವಾಸಿ.

ಮರಿಗೆ ಮೊದಲು ಇಡೀ ಮನೆ ಬೇಡ, ಒಂದು ಸಣ್ಣ ಕೋಣೆ ಸಾಕು. ಒಂದು ಮೂಲೆಯಲ್ಲಿ ಲಿಟರ್ ಟ್ರೇ, ದೂರದ ಮೂಲೆಯಲ್ಲಿ ಊಟ, ನೀರು ಇನ್ನೊಂದು ಕಡೆ. ಕಕ್ಕಸಿನ ಪಕ್ಕದಲ್ಲಿ ಊಟ ಇಟ್ಟರೆ ನಾವು ತಿನ್ನುತ್ತೀವಾ? ಟ್ರೇಯ ಅಂಚು ಮರಿ ಹತ್ತುವಷ್ಟು ತಗ್ಗಿರಲಿ, ಲಿಟರ್ ಎರಡು ಅಂಗುಲ ಇರಲಿ. ಮನೇಲಿ ಬಸುರಿ ಇದ್ದರೆ ಟ್ರೇ ಎತ್ತುವ ಕೆಲಸ ಬೇರೆಯವರದ್ದು. ಅವಿತುಕೊಳ್ಳೋಕೆ ಒಂದು ರಟ್ಟಿನ ಪೆಟ್ಟಿಗೆ ಮಗ್ಗುಲಾಗಿ ಇಟ್ಟು, ಆ ಸೀರೆ ತುಂಡನ್ನು ಅದರಲ್ಲಿ ಹಾಸಿ. ಬೀರುವಿನ ಹಿಂದಿನ ಸಂದಿಯನ್ನು ದಿಂಬು ತುರುಕಿ ಮುಚ್ಚಿ.

ಬೆಂಗಳೂರಿಂದ ನಮ್ಮೂರಿಗೆ ಹೆದ್ದಾರಿ 44ರಲ್ಲಿ ಸುಮಾರು 60 ಕಿಲೋಮೀಟರ್. ದೂರವೇನಲ್ಲ, ಆದರೆ ಮರಿಗೆ ಅದೇ ಮೊದಲ ಪ್ರಯಾಣ. ಹೊರಡೋಕೆ ಎರಡು ಮೂರು ಗಂಟೆ ಮುಂಚೆ ಊಟ ಹಾಕಬೇಡಿ ಅಂತ ಬ್ರೀಡರ್‌ಗೆ ಹೇಳಿ, ವಾಂತಿ ಆಗಲ್ಲ. ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್‌ನಲ್ಲೇ ತನ್ನಿ. ತೊಡೆ ಮೇಲೆ ಕೂರಿಸಿಕೊಂಡು ಬಂದರೆ ಹೆದರಿ ಬ್ರೇಕಿನ ಕೆಳಗೆ ನುಗ್ಗಬಹುದು. ಸ್ಕೂಟರಂತೂ ಬೇಡ. ಬೆಳಿಗ್ಗೆ ತಂಪು ಹೊತ್ತಲ್ಲಿ ಹೊರಡಿ. ದೀಪಾವಳಿ ಪಟಾಕಿ ಸಮಯದಲ್ಲೋ ಮನೇಲಿ ಮದುವೆ ಗಲಾಟೆ ಇದ್ದಾಗಲೋ ತರಬೇಡಿ. ಮನೆಗೆ ಬಂದ ಮೇಲೆ ಕ್ಯಾರಿಯರ್ ಬಾಗಿಲು ತೆಗೆದು ಕೋಣೆಯಲ್ಲಿಟ್ಟು ಸುಮ್ನೆ ಕೂತಿರಿ. ಅದಾಗಿ ಅದೇ ಹೊರಗೆ ಬರಲಿ. ಬೀದಿಯವರನ್ನೆಲ್ಲ ಕರೆದು ತೋರಿಸೋದು ಒಂದು ವಾರ ಬಿಟ್ಟು. ಮೊದಲ ರಾತ್ರಿ ಅಳುತ್ತೆ, ಅಳಲಿ. ಹಗಲೆಲ್ಲ ಮಲಗಿದರೆ ಗಾಬರಿ ಬೇಡ, ಮರಿಗಳು ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತವೆ. ಇಡೀ ದಿನ ಏನೂ ತಿನ್ನದಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಊಟದ ವಿಷಯದಲ್ಲಿ ನಮ್ಮವರ ಜೊತೆ ನನಗೆ ಜಗಳ ಜಾಸ್ತಿ. ಪಕ್ಕದ ಮನೆ ಹುಡುಗಿ ಬಂದು, ‘ಅಜ್ಜಿ, ನಾವು ಮಾಂಸ ತಿನ್ನಲ್ವಲ್ಲ, ಮೊಸರನ್ನ ಹಾಕಿದ್ರೆ ಆಗಲ್ವಾ?’ ಅಂದಳು. ‘ತಿನ್ನುತ್ತಮ್ಮ, ಆದ್ರೆ ಬದುಕಲ್ಲ’ ಅಂದೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಅನ್ನೋ ಒಂದು ವಸ್ತು ಅದಕ್ಕೆ ಮಾಂಸದಿಂದಲೇ ಸಿಗಬೇಕು. ಸಿಗದಿದ್ದರೆ ಕಾಲಕ್ರಮೇಣ ಕಣ್ಣು ಹೋಗುತ್ತೆ, ಹೃದಯ ಸೋಲುತ್ತೆ. ಮನೇಲಿ ಮಾಂಸ ಬೇಯಿಸಬೇಕಿಲ್ಲ, ಬೆಕ್ಕಿನ ಮರಿಗೇ ಅಂತ ಮಾಡಿದ ಡ್ರೈ ಫುಡ್, ಪೌಚ್ ಸಾಕು, ಅದರಲ್ಲಿ ಟಾರಿನ್ ಹಾಕಿರುತ್ತಾರೆ. ನಾಯಿ ಫುಡ್ ಆಗಲ್ಲ. ಅದನ್ನೂ ಮುಟ್ಟಲ್ಲ ಅನ್ನುವ ಮನೆಯವರು ಮೊಲ ಸಾಕಿಕೊಳ್ಳಿ, ಹುಲ್ಲು ಸೊಪ್ಪು ತಿಂದುಕೊಂಡಿರುತ್ತೆ. ಹಾಲು ಕೊಟ್ಟರೆ ಬಹಳಷ್ಟು ಮರಿಗಳಿಗೆ ಭೇದಿ ಆಗುತ್ತೆ, ನೀರು ಕೊಡಿ. ಮುದ್ದೆಗೆ ಮಾಡಿದ ಸಾರು ಬೇಡ, ಅದರ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತೆ. ಆಹಾರ ಬದಲಿಸಲೇಬೇಕು ಅಂದರೆ ಬಂದು ಎರಡು ವಾರ ಆಗಲಿ. ಆಮೇಲೆ ಹಳೇದರಲ್ಲಿ ಹೊಸದನ್ನು ದಿನಕ್ಕಿಷ್ಟು ಬೆರೆಸುತ್ತಾ ವಾರ ಹತ್ತು ದಿನದಲ್ಲಿ ಪೂರ್ತಿ ಬದಲಿಸಿ.

ಡಾಕ್ಟರನ್ನು ಮರಿ ಬರುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ನಮ್ಮ ಕಡೆ ಪಶು ಆಸ್ಪತ್ರೆ ಅಂದರೆ ಹಸು, ಕುರಿಯೇ ಹೆಚ್ಚು. ಬೆಕ್ಕಿನ ಲಸಿಕೆ ಇಟ್ಟಿದ್ದೀರಾ, ಫ್ರಿಜ್‌ನಲ್ಲಿಟ್ಟಿದ್ದೀರಾ ಅಂತ ಕೇಳಿ. ತೀರಾ ಕಷ್ಟ ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬೆಂಗಳೂರಿಗೆ ಹೋಗೋ ದಾರಿಯಲ್ಲೇ ಇದೆ. ಮರಿ ಬಂದು ಎರಡು ಮೂರು ದಿನದೊಳಗೆ ಒಮ್ಮೆ ತೋರಿಸಿ, ಜಂತುಹುಳದ ಔಷಧಿ ಯಾವಾಗ ಅಂತ ಬರೆಸಿಕೊಳ್ಳಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ತೂಕ ಏರುತ್ತಿರಬೇಕು. ಐದಾರು ತಿಂಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿಬಿಡಿ, ಬೆದೆಗೆ ಬಂದರೆ ರಾತ್ರಿಯೆಲ್ಲ ಕೂಗಿ ಬೀದಿ ಎಬ್ಬಿಸುತ್ತೆ. ಉದ್ದ ಕೂದಲಿಗೆ ದಿನಾ ಬಾಚಣಿಗೆ, ಮರಿಯಿಂದಲೇ ರೂಢಿ ಆಗಲಿ. ಇಲ್ಲವಾದರೆ ಕಂಕುಳಲ್ಲಿ ಗಂಟುಕಟ್ಟಿ ಚರ್ಮ ಎಳೆಯುತ್ತೆ.

ಕೋಣೆಯಿಂದ ಯಾವಾಗ ಬಿಡೋದು ಅಂತ ಎಲ್ಲರೂ ಕೇಳುತ್ತಾರೆ. ನೀವು ಒಳಗೆ ಹೋದಾಗ ಬಾಲ ನೆಟ್ಟಗೆ ಎತ್ತಿಕೊಂಡು ಅದೇ ಎದುರಿಗೆ ಬಂದರೆ ಬಿಡಬಹುದು. ಪಕ್ಕದ ಕೋಣೆ ಮೊದಲು, ನಡುಮನೆ ಆಮೇಲೆ, ಅಡುಗೆಮನೆ ಕೊನೆಗೆ. ಟ್ರೇ ಮಾತ್ರ ಮೊದಲಿದ್ದ ಜಾಗದಲ್ಲೇ ಇರಲಿ. ಬೀದಿಗೆ ಬಿಡಲೇಬೇಡಿ. ಮನೆಯೊಳಗೇ ಹುಟ್ಟಿ ಬೆಳೆದ ಮರಿಗೆ ನಾಯಿ ಕಂಡರೆ ಓಡಬೇಕು ಅಂತಲೂ ಗೊತ್ತಿರಲ್ಲ.