ಎಆರ್‌ಟಿ ಗುಳಿಗೆಗೆ ಹೋದ ದಿನವೇ ಗರ್ಭಕಂಠದ ತಪಾಸಣೆ: ಮಾಡಿಸಿಕೊಳ್ಳುವುದು ಹೇಗೆ?

ಎಚ್‌ಐವಿ ಇರುವ ಹೆಣ್ಣುಮಕ್ಕಳಲ್ಲಿ ಹಲವರು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆಟಿ ತಿಂಗಳ ಮಳೆಯಲ್ಲಿ ಗುಡ್ಡದ ಬರೆ ಕುಸಿದು ರಸ್ತೆ ಬಂದ್ ಆದರೂ ಸುತ್ತಿ ಬಳಸಿ ಮಡಿಕೇರಿಗೆ ಬಂದು ಗುಳಿಗೆ ಒಯ್ಯುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಎಂದರೆ ಮಾತ್ರ ‘ನಂಗೇನೂ ತೊಂದ್ರೆ ಇಲ್ವಲ್ಲ’ ಎಂಬ ಉತ್ತರ. ತೊಂದರೆ ಇಲ್ಲದಾಗಲೇ ಮಾಡಿಸಬೇಕಾದ ತಪಾಸಣೆ ಇದು.

ಗರ್ಭಕಂಠಕ್ಕೆ, ಅಂದರೆ ಗರ್ಭಕೋಶದ ಬಾಯಿಗೆ ಬರುವ ಈ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಯಾವಾಗಲೂ ಕಾರಣ ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹೋಗದೆ ಉಳಿದುಬಿಡುವುದು ಜಾಸ್ತಿ. ಸಾಮಾನ್ಯವಾಗಿ ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದಿದ್ದರೆ 5ರಿಂದ 10 ವರ್ಷವೇ ಸಾಕಾಗಬಹುದು. ಒಟ್ಟಿನಲ್ಲಿ ಎಚ್‌ಐವಿ ಇರುವ ಮಹಿಳೆಯರಿಗೆ ಅಪಾಯ ಆರು ಪಟ್ಟು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಆರ್‌ಟಿ ಗುಳಿಗೆ ಈ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಅದಕ್ಕೇ ಉಳಿದವರಿಗೆ 30ಕ್ಕೆ ಶುರುವಾಗುವ ತಪಾಸಣೆ ಇವರಿಗೆ 25ಕ್ಕೇ ಶುರುವಾಗಬೇಕು.

ದಿನ ಗೊತ್ತುಮಾಡಿಕೊಳ್ಳಿ

ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಮುಟ್ಟು ಶುರುವಾದ 10ನೇ ದಿನದ ನಂತರ ಹೋದರೆ ಒಳ್ಳೆಯದು. ತಪಾಸಣೆಯ ಹಿಂದಿನ ಎರಡು ದಿನ ಗಂಡನೊಂದಿಗೆ ಕೂಡುವುದು ಬೇಡ. ಯೋನಿಯೊಳಗೆ ಮುಲಾಮು ಹಚ್ಚುವುದು, ನೀರು ಹಾಕಿ ತೊಳೆಯುವುದೂ ಬೇಡ. ಉಪವಾಸ ಬೇಕಿಲ್ಲ. ಸುಮ್ನೆ ಹಸಿದುಕೊಂಡು ಬಸ್ಸಿನಲ್ಲಿ ತಲೆಸುತ್ತು ತಂದುಕೊಳ್ಳಬೇಡಿ.

ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ತೋಟದಿಂದ ರಜೆ ಸಿಗುವುದು ಕಷ್ಟ ಅಲ್ವಾ? ಹೇಗೂ ಗುಳಿಗೆಗೆ ಹೋಗುವ ದಿನಕ್ಕೇ ಇದನ್ನೂ ಸೇರಿಸಿದರೆ ಒಂದು ದಿನದ ಕೂಲಿ ಉಳಿಯುತ್ತದೆ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ನಿಮ್ಮ ದಾರಿಗೆ ಖಾಸಗಿ ಬಸ್ಸೇ ಗತಿ ಎಂದಾದರೆ ಚಾರ್ಜು ಕೈಯಲ್ಲಿರಲಿ. ತೋಟದ ಲೆಕ್ಕ ನೋಡುವ ರೈಟರಿಗೆ ‘ಆಸ್ಪತ್ರೆಗೆ ಹೋಗ್ಬೇಕು’ ಎಂದರೆ ಸಾಕು, ಯಾಕೆ ಎಂದು ಹೇಳಬೇಕಿಲ್ಲ. ನಿಮಗೆ ಎಚ್‌ಐವಿ ಇದೆ ಎಂಬುದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ಬೇರೆಯವರಿಗೆ ಹೇಳದಂತೆ 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ.

ಕೇಳಿ, ಬಾಯಿಬಿಟ್ಟು ಕೇಳಿ

ಎಆರ್‌ಟಿ ಕೇಂದ್ರದಲ್ಲಿ ಜನ ಜಾಸ್ತಿ ಇದ್ದಾಗ ಅವರಾಗಿಯೇ ನೆನಪಿಸಲಿ ಎಂದು ಕಾಯಬೇಡಿ. ಆಪ್ತ ಸಮಾಲೋಚಕರ ಹತ್ತಿರ, ‘ಗರ್ಭಕಂಠದ ಪರೀಕ್ಷೆ ಮಾಡಿಸ್ಬೇಕು, ಚೀಟಿ ಕೊಡಿ’ ಎನ್ನಿ. ಸ್ತ್ರೀರೋಗ ವಿಭಾಗಕ್ಕೆ ಕಳಿಸುತ್ತಾರೆ. ಲೇಡಿ ಡಾಕ್ಟರೇ ಬೇಕೆಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಮೊದಲು ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆ ಉಚಿತ.

ಒಳಗೆ ಏನು ನಡೆಯುತ್ತದೆ?

ಹೆಚ್ಚಿನವರು ಹೆದರುವುದು ಇದಕ್ಕೇ. ಮೇಜಿನ ಮೇಲೆ ಕಾಲು ಮಡಚಿ ಮಲಗಿಸುತ್ತಾರೆ, ಹೊದಿಕೆ ಕೊಡುತ್ತಾರೆ. ಗರ್ಭಕಂಠ ಕಾಣುವಂತೆ ಒಂದು ಸಾಧನವನ್ನು ಒಳಗಿಡುತ್ತಾರೆ, ತಣ್ಣಗಿರಬಹುದು, ಒತ್ತಿದಂತಾಗಬಹುದು. ಉಸಿರು ಬಿಗಿಹಿಡಿದರೆ ನೋವು ಹೆಚ್ಚು, ನಿಧಾನವಾಗಿ ಉಸಿರು ಬಿಟ್ಟರೆ ಸಲೀಸು. ನೋವಾದರೆ ‘ಒಂದು ನಿಮಿಷ ನಿಲ್ಲಿ’ ಎನ್ನಲು ನಿಮಗೆ ಹಕ್ಕಿದೆ.

ಕಣ್ಣಿನಿಂದಲೇ ನೋಡುವ ವಿಐಎ ಪರೀಕ್ಷೆಯಾದರೆ 3ರಿಂದ 5 ಶೇಕಡದ ಅಸಿಟಿಕ್ ಆಮ್ಲ, ಅಂದರೆ ವಿನಿಗರ್‌ನಂಥ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತಾರೆ. ಸ್ವಲ್ಪ ಚುರುಚುರು ಎನ್ನಬಹುದು. ಒಂದು ನಿಮಿಷ ಬಿಟ್ಟು ನೋಡಿದಾಗ, ಕೆಟ್ಟ ಜೀವಕೋಶಗಳಿದ್ದ ಜಾಗ ಬೆಳ್ಳಗೆ ಕಾಣುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಮುಟ್ಟು ನಿಂತವರಲ್ಲಿ ಇದು ಅಷ್ಟು ಸರಿಯಾಗಿ ಹೇಳುವುದಿಲ್ಲ, ಏಕೆಂದರೆ ನೋಡಬೇಕಾದ ಭಾಗವೇ ಒಳಕ್ಕೆ ಸರಿದಿರುತ್ತದೆ. ಪ್ಯಾಪ್ ಸ್ಮಿಯರ್ ಆದರೆ ಪುಟ್ಟ ಬ್ರಶ್ಶಿನಿಂದ ಜೀವಕೋಶ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಎಚ್‌ಪಿವಿ ವೈರಸ್ಸನ್ನೇ ಹುಡುಕುವ ಡಿಎನ್‌ಎ ಪರೀಕ್ಷೆ ಇವೆರಡಕ್ಕಿಂತ ನಿಖರ. ಸಿಗುವ ಕಡೆ ಅದನ್ನೇ ಕೇಳಿ. ಅದಕ್ಕೆ ಮಾದರಿಯನ್ನು ನೀವೇ ತೆಗೆದುಕೊಡಲೂ ಬರುತ್ತದೆ. ಆದರೆ ದೊಡ್ಡ ಪರೀಕ್ಷೆಗೆ ಕಾಯುತ್ತಾ ಕೈಗೆ ಸಿಕ್ಕಿದ ಪರೀಕ್ಷೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಪಾಸಿಟಿವ್ ಬಂದರೆ?

ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ. ‘ಎಲ್ಲಿಂದ ಬಂತು’ ಎಂದು ಮನೆಯಲ್ಲಿ ಜಗಳ ತೆಗೆಯುವುದೂ ಬೇಡ. ಎಚ್‌ಪಿವಿ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಯಾವಾಗ ಬಂತೆಂದು ಯಾರೂ ಹೇಳಲಾರರು. ಮುಂದೆ ಕಾಲ್ಪೊಸ್ಕೋಪಿಯಲ್ಲಿ ದೊಡ್ಡದು ಮಾಡಿ ನೋಡಿ, ಅನುಮಾನವಿದ್ದರೆ ಚೂರು ಮಾಂಸ ತೆಗೆದು ಪರೀಕ್ಷಿಸುತ್ತಾರೆ. ಕ್ಯಾನ್ಸರ್‌ಗೆ ಮುಂಚಿನ ಹಂತವಾಗಿದ್ದರೆ ಆ ಜಾಗವನ್ನು ಬಿಸಿಯಿಂದ ಅಥವಾ ತೀರಾ ತಣ್ಣಗೆ ಹೆಪ್ಪುಗಟ್ಟಿಸಿ ಸುಡುತ್ತಾರೆ, ಇಲ್ಲವೇ ಕತ್ತರಿಸಿ ತೆಗೆಯುತ್ತಾರೆ. ಸುಟ್ಟ ಮೇಲೆ ಕೆಲವು ವಾರ ನೀರುನೀರಾಗಿ ಸ್ರಾವ ಹೋಗುತ್ತದೆ, ಗಾಬರಿ ಬೇಡ. ಜ್ವರ, ಕೆಟ್ಟ ವಾಸನೆ ಅಥವಾ ಜಾಸ್ತಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಒಂದು ತಿಂಗಳು ಗಂಡನಿಂದ ದೂರವಿರಿ. ಎಆರ್‌ಟಿ ಗುಳಿಗೆ ಒಂದು ದಿನವೂ ತಪ್ಪಬಾರದು. 12 ತಿಂಗಳಿಗೆ ಮತ್ತೆ ಪರೀಕ್ಷೆ.

ಕ್ಯಾನ್ಸರ್ರೇ ಎಂದಾದರೆ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಹೋಗಬೇಕಾದೀತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತೆಗೆದುಕೊಳ್ಳಿ.

ನೆಗೆಟಿವ್ ಬಂದರೆ

ಡಿಎನ್‌ಎ ಪರೀಕ್ಷೆಯಾಗಿದ್ದರೆ 3ರಿಂದ 5 ವರ್ಷಕ್ಕೆ ಮತ್ತೆ ಮಾಡಿಸಿ. ವಿಐಎ, ಪ್ಯಾಪ್ ಆಗಿದ್ದರೆ 3 ವರ್ಷಕ್ಕಿಂತ ತಡ ಬೇಡ. ಮುಂದಿನ ತಾರೀಕನ್ನು ಎಆರ್‌ಟಿ ಪುಸ್ತಕದಲ್ಲೇ ಬರೆಸಿ. ಈ ನಡುವೆ, ಗಂಡನೊಂದಿಗೆ ಕೂಡಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ, ವಾಸನೆಯ ಬಿಳಿಸೆರಗು ಬಿಡದಿದ್ದರೆ ಆ ತಾರೀಕಿಗೆ ಕಾಯಬೇಡಿ.

ಇನ್ನು ಎಚ್‌ಪಿವಿ ಲಸಿಕೆ. ಇರುವ ಸೋಂಕನ್ನು ಅದು ಗುಣಪಡಿಸುವುದಿಲ್ಲ, ಹೊಸದನ್ನು ತಡೆಯುತ್ತದೆ. 9ರಿಂದ 14ರ ಹೆಣ್ಣುಮಕ್ಕಳಿಗೆ ಕೊಟ್ಟರೆ ಫಲ ಹೆಚ್ಚು. ಎಚ್‌ಐವಿ ಇರುವವರಿಗೆ ಸಾಧ್ಯವಾದರೆ ಮೂರು ಡೋಸ್, ಕಡಿಮೆಯೆಂದರೆ ಎರಡು ಬೇಕು. ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪಿದ್ದಲ್ಲ.