ಹಳ್ಳಿಯ ಬಾಸೆಲ್ ಮಿಶನ್ ಸಭೆಯ ಚರಿತ್ರೆ ಬರೆಯುವುದು ಹೇಗೆ?

ಶತಮಾನೋತ್ಸವ ಹತ್ತಿರ ಬಂತೆಂದರೆ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಸ್ಮರಣ ಸಂಚಿಕೆಯ ಓಡಾಟ ಶುರುವಾಗುತ್ತದೆ. ಬಹಳಷ್ಟು ಸಂಚಿಕೆಗಳು ಸಭಾಪಾಲಕರ (ಪಾಸ್ಟರುಗಳ) ಪಟ್ಟಿ, ಕಟ್ಟಡದ ಫೋಟೋ, ಶುಭಾಶಯ ಪತ್ರಗಳಲ್ಲೇ ಮುಗಿದುಹೋಗುತ್ತವೆ. ಬೆಂಚಿನಲ್ಲಿ ಕೂತ ಜನರ ಸುದ್ದಿ ಅಲ್ಲಿರುವುದಿಲ್ಲ. ಅದು ಸಿಗುವುದು ಸಭೆಯ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳಲ್ಲಿ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಬಾಸೆಲ್ ಮಿಶನ್‌ನಲ್ಲಿ ಪ್ರೊಟೆಸ್ಟೆಂಟರ ಲುಥೆರನ್, ರಿಫಾರ್ಮ್ಡ್ ಎರಡೂ ಪರಂಪರೆಗಳು ಕೂಡಿದ್ದವು. ಆದರೆ ಸಭಾಪಾಲಕರ ಜೊತೆ ಸಭೆಯಿಂದ ಆಯ್ಕೆಯಾದ ಹಿರಿಯರು ಕೂತು ತೀರ್ಮಾನಿಸುವ ಪದ್ಧತಿ ಪ್ರೆಸ್ಬಿಟೇರಿಯನ್ನರದಕ್ಕೆ ತೀರ ಹತ್ತಿರ. ಘಾನಾದಲ್ಲಿ ಇದೇ ಮಿಶನ್ ಕಟ್ಟಿದ ಸಭೆಗಳು ಇಂದು ಪ್ರೆಸ್ಬಿಟೇರಿಯನ್ ಚರ್ಚ್ ಎಂದೇ ಹೆಸರಾಗಿವೆ. ಹಾಗಾಗಿ ಹಿರಿಯರ ಕೂಟದ ಮಿನಿಟ್ಸ್ ಪುಸ್ತಕವನ್ನೇ ಮೊದಲು ಹುಡುಕಿ. ಬಡವರ ನಿಧಿಯಿಂದ ಯಾರಿಗೆ ಎಷ್ಟು ಕೊಟ್ಟರು, ಶಾಲೆಯ ಮಾಡು ಯಾವ ಮಳೆಗೆ ಸೋರಿತು ಎಂಬಂಥ ವಿಷಯ ಬೇರೆಲ್ಲೂ ಸಿಗದು. ಅದರ ಜೊತೆಗೆ ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳು ಬೇಕು.

ಪುಸ್ತಕ ಕೈಗೆ ಬಂದ ಮೇಲೆ ಹೊಲಿಗೆ ಬಿಚ್ಚಬೇಡಿ, ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗುತ್ತದೆ. ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಪುಟಕ್ಕೆ ನೇರ ಮೇಲೆ ಹಿಡಿದು ಒಂದೊಂದೇ ಪುಟದ ಫೋಟೋ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಬಿಟ್ಟರೆ ನಡುವೆ ಪುಟ ಕಳೆದಿದೆಯೋ ಇಲ್ಲವೋ ಎಂದು ಆಮೇಲೆ ಗೊತ್ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ.

ಹೆಸರುಗಳದ್ದೇ ದೊಡ್ಡ ತೊಡಕು. ಒಂದೇ ರಿಜಿಸ್ಟರಿನಲ್ಲಿ ಹಲವು ಯಾಕೋಬರು, ಹಲವು ಮರಿಯಮ್ಮಂದಿರು ಇರುತ್ತಾರೆ. ದೀಕ್ಷಾಸ್ನಾನದಲ್ಲಿ ಹೆಸರು ಬದಲಾಗಿದ್ದರೆ ಹಳೆಯದು, ಹೊಸದು ಎರಡನ್ನೂ ಬರೆದುಕೊಳ್ಳಿ. ತಂದೆಯ ಹೆಸರು, ಊರು, ವರ್ಷ ಮೂರೂ ತಾಳೆಯಾಗುವವರೆಗೆ ಇಬ್ಬರನ್ನು ಒಬ್ಬರೆಂದು ಮಾಡಬೇಡಿ.

ಸ್ಥಾಪನೆಯ ವರ್ಷದಲ್ಲಿ ಬಹುತೇಕರು ಎಡವುತ್ತಾರೆ. ಮಿಶನರಿ ಮೊದಲು ಬಂದದ್ದು, ಮೊದಲ ದೀಕ್ಷಾಸ್ನಾನ, ಹಿರಿಯರ ಮೊದಲ ಆಯ್ಕೆ, ಕಟ್ಟಡದ ಪ್ರತಿಷ್ಠೆ, ಈ ನಾಲ್ಕೂ ಬೇರೆ ಬೇರೆ ವರ್ಷಗಳಲ್ಲಿ ಆಗಿರಬಹುದು. ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದನ್ನೇ ನಿಮ್ಮ ಊರಿಗೆ ಅಂಟಿಸಬೇಡಿ. ನಾಲ್ಕನ್ನೂ ಬಿಡಿಬಿಡಿಯಾಗಿ ಬರೆದು, ಯಾವುದಕ್ಕೆ ಯಾವ ದಾಖಲೆ ಎಂದು ಹೇಳಿ. ಕಟ್ಟಡದ ವಯಸ್ಸನ್ನು ಹೆಂಚು ನೋಡಿ ಹೇಳುವುದೂ ತಪ್ಪು. ಬಾಸೆಲ್ ಮಿಶನ್ ಹೆಂಚಿನ ಮೇಲಿನ 1865 ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ.

ಇನ್ನೆರಡು ತಿರುವುಗಳ ಮೇಲೆ ಕಣ್ಣಿಡಿ. 1914ರಲ್ಲಿ ಯುದ್ಧ ಶುರುವಾದ ಮೇಲೆ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಮುಂದೆ ಕಾರ್ಖಾನೆಗಳೂ ಕೈಬದಲಾದವು. ಆ ವರ್ಷಗಳಲ್ಲಿ ಮಿನಿಟ್ಸಿನ ಕೈಬರಹ, ಭಾಷೆ, ಲೆಕ್ಕದ ರೀತಿ ಬದಲಾಗಿದೆಯೇ ನೋಡಿ. ಸ್ಥಳೀಯ ಹಿರಿಯರು ಸಭೆಯನ್ನು ಹೇಗೆ ನಡೆಸಿದರೆಂಬುದು ಅಲ್ಲೇ ಗೊತ್ತಾಗುವುದು, ಈ ಅಧ್ಯಾಯಕ್ಕೆ ಧಾರಾಳವಾಗಿ ಜಾಗ ಕೊಡಿ. ಎರಡನೆಯದು ಸಿಎಸ್‌ಐ, ಅಂದರೆ ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಆದ ದಕ್ಷಿಣ ಭಾರತ ಸಭೆ (ಚರ್ಚ್ ಆಫ್ ಸೌತ್ ಇಂಡಿಯಾ). ಅದು 1947ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು ನಿಜ, ಆದರೆ ಬಾಸೆಲ್ ಮಿಶನ್ ಸಭೆಗಳೆಲ್ಲ ಅಂದೇ ಸೇರಲಿಲ್ಲ. ನಿಮ್ಮ ಸಭೆ ಸೇರಿದ ತಾರೀಖನ್ನು ನಿಮ್ಮ ಮಿನಿಟ್ಸಿನಿಂದಲೇ ತೆಗೆಯಿರಿ.

ಹೊರಗಿನ ದಾಖಲೆಗಳಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಮೊದಲ ಬಾಗಿಲು. ಮಿಶನ್ನಿನ ವಾರ್ಷಿಕ ವರದಿಗಳು ಇಂಗ್ಲಿಷಿನಲ್ಲೂ ಅಚ್ಚಾಗಿವೆ, ಅವುಗಳಿಂದ ಆರಂಭಿಸಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರದ ಹಳೆಯ ಫೋಟೋಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಅಲ್ಲಿರುವ ಮಿಶನರಿಗಳ ಪತ್ರಗಳು ಮಾತ್ರ ಹಳೆಯ ಜರ್ಮನ್ ಕೈಬರಹದವು. ಅದರಲ್ಲಿ 'ಇ' (e) ಅಕ್ಷರ 'ಎನ್' (n) ಥರ ಕಾಣುತ್ತದೆ, ಜರ್ಮನ್ ಬಲ್ಲವರೂ ತಡವರಿಸುತ್ತಾರೆ. ಊರಿನ ಹೆಸರನ್ನು ಒಂದೇ ಕಾಗುಣಿತದಲ್ಲಿ ಹುಡುಕಿದರೆ ಸಾಲದು: ಗದಗದ ಬೆಟಗೇರಿ ಅಲ್ಲಿ 'ಬೆಟ್ಟಿಗೇರಿ' ಆಗಿರುತ್ತದೆ.

ಸಮಾಧಿಯ ಕಲ್ಲು ಓದಲು ಸೀಮೆಸುಣ್ಣ ಉಜ್ಜಬೇಡಿ, ತಂತಿ ಬ್ರಶ್ಶೂ ಬೇಡ. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ, ಬೇಕಿದ್ದರೆ ಕನ್ನಡಿಯಿಂದ ಬೆಳಕು ಪಕ್ಕಕ್ಕೆ ಬಿಟ್ಟರೆ ಸವೆದ ಅಕ್ಷರ ಎದ್ದು ಕಾಣುತ್ತದೆ.

ಮಿನಿಟ್ಸಿನಲ್ಲಿ ಶಿಸ್ತುಕ್ರಮಗಳೂ ಇರುತ್ತವೆ: ಕುಡಿತಕ್ಕೆ, ಜಗಳಕ್ಕೆ ಕರ್ತನ ಭೋಜನದಿಂದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದಿಂದ) ದೂರ ಇಟ್ಟವರ ಹೆಸರುಗಳು. ಅವರ ಮೊಮ್ಮಕ್ಕಳು ಇಂದೂ ಅದೇ ಬೆಂಚಿನಲ್ಲಿ ಕೂರುತ್ತಾರೆ. ಪ್ರಸಂಗ ಬರೆಯಿರಿ, ಹೆಸರು ಬಿಡಿ.

ಅಚ್ಚಿಗೆ ಮುನ್ನ ಕರಡಿನ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ, ಅಗಲ ಅಂಚು ಬಿಟ್ಟು ತೆಗೆದು ಸಭೆಯ ಹಿರಿಯ ಜೀವಗಳಿಗೆ ಓದಿ ಹೇಳಿ. ತಿದ್ದುಪಡಿಗೆ ಕನಿಷ್ಠ ಎರಡು ತಿಂಗಳಾದರೂ ಬೇಕು. ಕೊನೆಯಲ್ಲಿ ಹೆಸರುಗಳ ಅಕಾರಾದಿ ಸೂಚಿ ಕೊಡಿ. ಪುಸ್ತಕ ಕೈಗೆ ಸಿಕ್ಕವರು ಮೊದಲು ಹುಡುಕುವುದು ತಮ್ಮ ಅಜ್ಜ-ಅಜ್ಜಿಯ ಹೆಸರನ್ನೇ.