ನುಡಿ ಕಡತದಿಂದ ಯೂನಿಕೋಡ್‌ಗೆ: ಎಐ ಕೈಲಿ ನಾನು ಕೆಲಸ ತೆಗೆದ ಬಗೆ

ಹಳೇ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ, ಅದರ ಹಳೇ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಪರಿವರ್ತಕಗಳು ಬೇಕಾದಷ್ಟಿವೆ. ಆದರೆ ನನ್ನ ಕೈಗೆ ಬಂದದ್ದು ಧಾರವಾಡದ ಒಂದು ಮುದ್ರಣಾಲಯದ ಪೇಜ್‌ಮೇಕರ್ (ಪುಟ ಜೋಡಿಸುವ ಹಳೇ ತಂತ್ರಾಂಶ) ಕಡತಗಳ ರಾಶಿ, ಸುಮಾರು ಆರು ಸಾವಿರ ಪುಟ. ನಡುನಡುವೆ ಇಂಗ್ಲಿಷ್, ಕೋಷ್ಟಕ, ಜನಪದ ಹಾಡು, ಹಳ್ಳಿ ಮಾತಿನ ಕತೆ. ಎಐ ಹಿಡಿದು ಮಾಡಿಕೊಡುತ್ತೇನೆ ಅಂದಾಗ ಮಾಲೀಕರು, ‘ತಮ್ಮಾ, ಅದು ತನಗ ತಿಳಿದಂಗ ಬರದು ಕೊಡತೈತಿ. ಪುಸ್ತಕ ನಂದಲ್ಲ, ಬರದವರದು’ ಅಂದರು. ಈಗ ಅದೇ ಪುಟಗಳಿಂದ ಎರಡು ಪುಸ್ತಕ ಮರುಮುದ್ರಣವಾಗಿವೆ. ಒಂದು ಸಾಲೂ ಆಚೀಚೆ ಆಗಿಲ್ಲ.

ಅವರ ಭಯಕ್ಕೆ ಕಾರಣ ಇತ್ತು. ಪಠ್ಯವನ್ನೇ ಎಐಗೆ ಕೊಟ್ಟು ತಿರುಗಿಸು ಅಂದರೆ ಮೊದಲ ಹತ್ತು ಪುಟ ಚೆನ್ನಾಗಿ ಬರುತ್ತವೆ. ಆಮೇಲೆ ಕತೆಯಲ್ಲಿ ‘ಹೊಂಟಿದ್ದ’ ಇದ್ದದ್ದು ‘ಹೊರಟಿದ್ದ’ ಆಗುತ್ತದೆ. ಹಾಡಿನಲ್ಲಿ ಮೂರು ಸಲ ಬರುವ ಸೊಲ್ಲು ಒಂದೇ ಸಲಕ್ಕೆ ಮುಗಿಯುತ್ತದೆ. ಟೈಪ್ ಮಾಡುವವರ ತಪ್ಪು ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ಓದಲು ಎಲ್ಲ ಶುದ್ಧವಾಗಿಯೇ ಇರುತ್ತದೆ!

ಖರ್ಚು ಇನ್ನೊಂದು ಪೆಟ್ಟು. ‘ಶಕ್ತಿ’ ನಮಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ, ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಹದಿನೈದು ಬೈಟ್. ಎಐ ಇದನ್ನು ಚೂರುಚೂರು ಟೋಕನ್ ಮಾಡಿ ನುಂಗುತ್ತದೆ, ಬಿಲ್ಲು ಆ ಚೂರುಗಳ ಲೆಕ್ಕದಲ್ಲಿ, ಹಾಗಾಗಿ ಕನ್ನಡದ ಪುಟಕ್ಕೆ ಇಂಗ್ಲಿಷ್ ಪುಟಕ್ಕಿಂತ ಜಾಸ್ತಿ ದುಡ್ಡು. ಕೆಲವು ನೂರು ಪುಟಕ್ಕೇ ಬಿಲ್ಲು ನಾಲ್ಕು ಸಾವಿರ ದಾಟಿತು. ನನಗೆ ಸಿಗುತ್ತಿದ್ದದ್ದು ಪುಟಕ್ಕೆ ಹನ್ನೆರಡು ರೂಪಾಯಿ. ಡಾಲರ್ ಲೆಕ್ಕ, ಕಾರ್ಡಿನ ಕಮಿಷನ್ ಸೇರಿದರೆ ಉಳಿಯುವುದು ಏನೂ ಇಲ್ಲ.

ಅಲ್ಲಿಂದ ದಾರಿ ಬದಲಿಸಿದೆ. ತಿರುಗಿಸಲು ಪಠ್ಯ ಕೊಡುವುದು ಬಂದ್. ತಿರುಗಿಸುವ ಪ್ರೋಗ್ರಾಂ ಬರೆಸುವುದು ಮಾತ್ರ. ಅದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸಾಕು.

ನುಡಿ ಕಡತದಲ್ಲಿ ‘ಶಕ್ತಿ’ ಇರುವುದು ಶ, ಕಿ, ಆಮೇಲೆ ತ ಒತ್ತು ಅಂತ. ಯೂನಿಕೋಡ್‌ಗೆ ಗುಡಿಸು ಕೊನೆಗೆ ಬರಬೇಕು. ‘ಸೂರ್ಯ’ದಲ್ಲಿ ಅರ್ಕಾವತ್ತು ಯ ಆದಮೇಲೆ ಇರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು. ಇವನ್ನೆಲ್ಲ ಎಐ ಒಂದೇ ಸಂಜೆಯಲ್ಲಿ ಬರೆದುಕೊಟ್ಟಿತು, ಮೊದಲಾಗಿದ್ದರೆ ನನಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಎಡವಿದ್ದು ‘ರ‍್ಯಾಂಕ್’ ಬಂದಾಗ. ಅಲ್ಲಿ ಕಾಣದ ಜೋಡಕ ಒಂದು ಸೇರಬೇಕು, ಇಲ್ಲದಿದ್ದರೆ ಅರ್ಕಾವತ್ತು ಆಗಿ ಕೂರುತ್ತದೆ. ಇಂಗ್ಲಿಷ್ ಇನ್ನೂ ಕಷ್ಟ. ನುಡಿಯಲ್ಲಿ ಇಂಗ್ಲಿಷಿನ ಸಣ್ಣ ‘ಆರ್’ ಜಾಗದಲ್ಲೇ ಕನ್ನಡದ ‘ಡಿ’ ಅಕ್ಷರ ಕೂತಿದೆ, ಸಣ್ಣ ‘ಡಬ್ಲ್ಯು’ ಜಾಗದಲ್ಲಿ ‘ತಿ’. ಫಾಂಟಿನ ಹೆಸರು ಕಳೆದುಹೋದರೆ ಯಾವುದು ಯಾವ ಭಾಷೆ ಅಂತ ದೇವರಿಗೇ ಗೊತ್ತು. ಅದಕ್ಕೇ ಸುಮ್ನೆ ಟೆಕ್ಸ್ಟ್ ತೆಗೆಯಬೇಡಿ, ಪೇಜ್‌ಮೇಕರ್‌ನಿಂದ ಫಾಂಟಿನ ಹೆಸರು ಹೇಳುವ ಟ್ಯಾಗ್ ಸಮೇತ ತೆಗೆಯಿರಿ.

ನಂಬಿಕೆ ಬಂದದ್ದು ವಾಪಸ್ ತಿರುಗಿಸುವ ಪರೀಕ್ಷೆಯಿಂದ. ಯೂನಿಕೋಡ್ ಆದ ಪುಟವನ್ನು ಮತ್ತೆ ನುಡಿಗೆ ತಿರುಗಿಸಿ, ಮೂಲ ಕಡತದ ಜೊತೆ ಬೈಟ್‌ಗೆ ಬೈಟ್ ಹೋಲಿಸುವುದು. ಇಲ್ಲೊಂದು ಸೂಕ್ಷ್ಮ ಇದೆ. ಹೋಗುವ ಪ್ರೋಗ್ರಾಂ, ಬರುವ ಪ್ರೋಗ್ರಾಂ ಎರಡನ್ನೂ ಒಂದೇ ಮಾತುಕತೆಯಲ್ಲಿ ಬರೆಸಿದರೆ ಎರಡರಲ್ಲೂ ಒಂದೇ ತಪ್ಪು ಇರಬಹುದು, ಆಗ ಪರೀಕ್ಷೆ ಪಾಸಾಗಿಬಿಡುತ್ತದೆ. ನಾನು ಎರಡು ಬೇರೆ ಕಂಪನಿಯ ಎಐಗಳಿಂದ ಬರೆಸಿದೆ, ಒಂದರ ಕೋಡ್ ಇನ್ನೊಂದಕ್ಕೆ ತೋರಿಸಲಿಲ್ಲ. ನೂರಕ್ಕೆ ಮೂರ್ನಾಲ್ಕು ಪುಟ ಹೊಂದಲಿಲ್ಲ. ತೆಗೆದು ನೋಡಿದರೆ ಬಹುಪಾಲು ಮೂಲದ ಕೀಲಿಮಣೆ ಕೆಲಸವೇ: ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ, ಒಂದೇ ಥರ ಕಾಣುವ ಅಕ್ಷರವನ್ನು ಎರಡು ಬಗೆಯಲ್ಲಿ ಒತ್ತಿದ್ದು.

ಪ್ರೂಫಿಗೆ ಎಐ ಬಳಸಿದ್ದೇನೆ, ಆದರೆ ತಿದ್ದಲು ಬಿಟ್ಟಿಲ್ಲ. ಸಾಲಿನ ನಂಬರು ಮತ್ತು ಅನುಮಾನದ ಪದ, ಇಷ್ಟೇ ಕೊಡಬೇಕು. ಆ ಪಟ್ಟಿಯನ್ನು ಪುಸ್ತಕದ್ದೇ ಪದಕೋಶಕ್ಕೆ ಹಾಯಿಸುತ್ತೇನೆ. ‘ಹೊಂಟಿದ್ದ’ ನಾಲ್ಕು ಕಡೆ ಬಂದಿದ್ದರೆ ಅದು ಬರೆದವರ ಮಾತು, ಪಟ್ಟಿಯಿಂದ ಔಟ್. ಉಳಿದದ್ದು ನಿವೃತ್ತ ಮಾಸ್ತರ್ ಒಬ್ಬರ ಮುಂದೆ ಹೋಗುತ್ತದೆ, ಕೊನೆಯ ಮಾತು ಅವರದು. ಪೂರ್ತಿ ಪುಟದ ಬದಲು ಎಐಗೆ ಏನು ಕಳಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ತಿಂಗಳ ಬಿಲ್ಲು ಆರೇಳು ನೂರಕ್ಕೆ ಇಳಿದದ್ದು ಅದರಿಂದಲೇ.

ಇದರ ನಡುವೆ ಅರ್ಜಿಗಳ ಮೇಲೂ ಕೈಯಾಡಿಸಿದೆ. ಪಕ್ಕದ ಮನೆ ಅಜ್ಜಿಗೆ ಪಂಚಾಯ್ತಿಗೆ ಖಾತೆ ಬದಲಾವಣೆ ಅರ್ಜಿ ಬೇಕಿತ್ತು. ಎಐ ಬರೆದದ್ದು, ‘ನಿಮ್ಮ ಗಮನಕ್ಕೆ ಒಂದು ಮುಖ್ಯ ವಿಷಯವನ್ನು ತರಲು ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ’. ನಮ್ಮಲ್ಲಿ ಯಾರು ಹೀಗೆ ಬರೆಯುತ್ತಾರೆ? ‘ಮಾನ್ಯರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಶುರುವಾಗಬೇಕು, ಅಲ್ವಾ? ಊರಿನವರೇ ಬರೆದ ಹಳೇ ಅರ್ಜಿ ಐದಾರು ಮುಂದಿಟ್ಟು, ಹೆಸರು, ಸರ್ವೆ ನಂಬರು ಅಳಿಸಿ ತೋರಿಸಿದ ಮೇಲೆ ದಾರಿಗೆ ಬಂತು. ಎಐ ಮೊದಲು ಬರೆದದ್ದನ್ನೇ ಎಲ್ಲರೂ ಹಾಗೇ ಬಿಟ್ಟರೆ ನಾಳೆ ಬೀದರಿನ ಅರ್ಜಿ, ಮಂಗಳೂರಿನ ಅರ್ಜಿ, ಮದುವೆ ಕರೆಯೋಲೆ ಎಲ್ಲ ಒಂದೇ ದನಿಯಲ್ಲಿ ಬರುತ್ತವೆ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ನನ್ನ ಜೊತೆಗಿರುವ ಹುಡುಗ ಈಗ ಕೋಡ್ ಬರೆಯುವುದು ಕಡಿಮೆ. ಎಐ ಎಲ್ಲಿ ಜಾರುತ್ತದೆ ಅಂತ ಹುಡುಕಿ ಪರೀಕ್ಷೆಯ ಪುಟ ಕಟ್ಟುತ್ತಾನೆ. ‘ಜ್ಞಾನ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ತರಹದ ಪದ ಇನ್ನೂರು ಮುನ್ನೂರು ಗುಡ್ಡೆ ಹಾಕಿದ್ದಾನೆ. ಆ ಪಟ್ಟಿಗೆ ಕೋಡಿಗಿಂತ ಬೆಲೆ ಜಾಸ್ತಿ. ಕೋಡ್ ಯಾವ ಸಂಜೆ ಬೇಕಾದರೂ ಮತ್ತೆ ಬರೆಸಬಹುದು, ಪಟ್ಟಿಗೆ ಕನ್ನಡ ಓದಿ ಬಲ್ಲವನೇ ಬೇಕು. ಅದಕ್ಕೇ ಅವನ ಸಂಬಳ ಏರಿಸಿದ್ದೇನೆ.

ಈಗ ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ ಕಡತಗಳು ಬಂದಿವೆ. ಅಕ್ಷರಗಳ ನಕ್ಷೆ ಬೇರೆ, ವಾಪಸ್ ತಿರುಗಿಸುವ ಪರೀಕ್ಷೆ ಅದೇ. ದರ ಪುಟಕ್ಕೆ ಹದಿನೈದು ಹೇಳಿದ್ದೇನೆ, ಮಾಸ್ತರ್ ಪ್ರೂಫ್ ಸೇರಿ.